ಲಕ್ಷದ್ವೀಪಕ್ಕೆ ಹಡಗೋ, ವಿಮಾನವೋ?

ಹೋಗುವಾಗ ಹಡಗು, ಬರುವಾಗ ವಿಮಾನ. ಲಕ್ಷದ್ವೀಪಕ್ಕೆ ಹೊರಟವರು ಯಾರೇ ಕೇಳಲಿ, ನಾನು ಹೇಳುವುದು ಇಷ್ಟೇ. ನಾನು ಹೋಗಿ ಬಂದಿದ್ದೂ ಹಾಗೇ.

ನಮ್ಮ ಮಂಗಳೂರಿಗೂ ಆ ದ್ವೀಪಗಳಿಗೂ ಹಳೇ ನಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಕ್ಕಿ, ತರಕಾರಿ, ಸಿಮೆಂಟು ಹೊತ್ತ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಹಳೆ ಬಂದರಿನಿಂದ ಅಲ್ಲಿಗೆ ಹೋಗುವುದನ್ನು ನೋಡಿಕೊಂಡೇ ಬೆಳೆದವನು ನಾನು. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ಪ್ರಯಾಣಿಕರನ್ನು ಕರೆದುಕೊಂಡು ಇಲ್ಲಿಗೆ ಬಂದಾಗ ತುಂಬಾ ಖುಷಿಯಾಗಿತ್ತು. ಆದರೂ ನಂಬಿ ಹೊರಡಬಹುದಾದ ಹಡಗಿನ ದಾರಿ ಕೊಚ್ಚಿಯದ್ದೇ.

ಎಲ್ಲಕ್ಕಿಂತ ಮೊದಲು ಪರ್ಮಿಟ್, ಅಂದರೆ ದ್ವೀಪಕ್ಕೆ ಕಾಲಿಡಲು ಸರ್ಕಾರದ ಅನುಮತಿ. ಅದು ಕೈಗೆ ಬರುವ ತನಕ ಟಿಕೆಟ್‌ಗೆ ದುಡ್ಡು ಹಾಕಬೇಡಿ. ಪರ್ಮಿಟ್‌ನಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿಗಷ್ಟೇ ಹೋಗಬಹುದು. ಓಡಾಟ, ಅರ್ಜಿ ಬೇಡ ಅನ್ನುವವರಿಗೆ ಸರ್ಕಾರದ್ದೇ 'ಸಮುದ್ರಂ' ಪ್ಯಾಕೇಜ್ ಇದೆ. ಅದು ಎಂ.ವಿ. ಕವರತ್ತಿ ಹಡಗಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತದೆ. ರಾತ್ರಿ ಮಲಗುವುದು ಹಡಗಿನಲ್ಲೇ. ನನಗೆ ಊರಲ್ಲಿ ಉಳಿಯಬೇಕಿತ್ತು, ಹಾಗಾಗಿ ಬೇರೆಯಾಗಿ ಹೋದೆ.

ಮಂಗಳೂರಿನಿಂದ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ ಎರ್ನಾಕುಲಂ ಸೇರಿದೆ. ಹಡಗು ಹೊರಡುವುದು ಅಲ್ಲೇ ಹತ್ತಿರದ ವಿಲ್ಲಿಂಗ್ಡನ್ ಐಲ್ಯಾಂಡ್‌ನಿಂದ. ವೇಳಾಪಟ್ಟಿ ಬದಲಾಗುವುದು ಮಾಮೂಲು, ಅದಕ್ಕೇ ಕೊಚ್ಚಿಯಲ್ಲಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ನಾನು ಹೋದ ಕವರತ್ತಿ ದ್ವೀಪ ಅಲ್ಲಿಂದ 400 ಕಿಲೋಮೀಟರ್ ದೂರ, ಒಂದು ಇಡೀ ರಾತ್ರಿಯ ಪ್ರಯಾಣ. ಕಡಿಮೆ ದುಡ್ಡಿಗೆ ಬಂಕ್ ಕ್ಲಾಸ್ ಸಾಕು, ಹೇಗೂ ಎಚ್ಚರ ಇರುವಷ್ಟು ಹೊತ್ತೂ ನೀವು ಡೆಕ್ ಮೇಲೇ ಇರುತ್ತೀರಿ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅದು ಉಳಿಯುವುದಿಲ್ಲ.

ವಯಸ್ಸಾದವರನ್ನು ಕರೆದೊಯ್ಯುವವರು ಒಂದು ವಿಷಯ ತಿಳಿದಿರಬೇಕು. ಎಷ್ಟೋ ಸಲ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹವಳದ ದಿಬ್ಬದ ಆಚೆ ಆಳದಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆಗೆಯುತ್ತಾರೆ, ಕೆಳಗೆ ಸಣ್ಣ ಬೋಟು ಕುಣಿಯುತ್ತಿರುತ್ತದೆ. ಬೋಟಿನವರು ಎರಡೂ ರಟ್ಟೆ ಹಿಡಿದು ಕಾಯುತ್ತಾರೆ. ಅಲೆ ಬೋಟನ್ನು ಎತ್ತಿದ ಕೂಡಲೇ 'ಈಗ' ಅನ್ನುತ್ತಾರೆ, ಆಗಲೇ ಕಾಲಿಡಬೇಕು. ಒಂದು ಕ್ಷಣ ತಡವಾದರೆ ಬೋಟು ಮೊಣಕಾಲಿನಷ್ಟು ಕೆಳಗಿರುತ್ತದೆ. ಅವರಿಗೆ ಅದು ದಿನದ ಕೆಲಸ, ಕೈ ಬಿಡುವುದಿಲ್ಲ. ಆದರೆ ನಿಮ್ಮ ಎರಡೂ ಕೈ ಖಾಲಿ ಇರಬೇಕು, ಸಾಮಾನು ಬೆನ್ನಿಗಿರಲಿ. ಮಂಡಿನೋವಿನ ಅಮ್ಮನನ್ನೋ ಅಜ್ಜಿಯನ್ನೋ ಕರೆದೊಯ್ಯುವುದಾದರೆ ಹಡಗು ಬೇಡ, ಎರಡೂ ಕಡೆಗೆ ವಿಮಾನವೇ ಸರಿ.

ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ರನ್‌ವೇ ಚಿಕ್ಕದು, ಅದಕ್ಕೇ ಎಟಿಆರ್‌ನಂಥ ಸಣ್ಣ ವಿಮಾನಗಳು. ಕೊಚ್ಚಿಯಿಂದ ಮೊದಲಿನಿಂದಲೂ ಇತ್ತು. ಬೆಂಗಳೂರಿನಿಂದ ನೇರ ವಿಮಾನ ಶುರುವಾಗಿದ್ದು 2024ರ ಮಾರ್ಚ್ ಕೊನೆಗೆ. ಸೀಟು ಕಡಿಮೆ, ಬೇಗ ತುಂಬುತ್ತವೆ.

ಕವರತ್ತಿಯಿಂದ ಅಗತ್ತಿಗೆ ವೇಗದ ಬೋಟಿನಲ್ಲಿ ಕೆಲವು ಗಂಟೆ ಸಾಕು. ಸಮುದ್ರ ಒರಟಾದರೆ ಆ ಬೋಟೂ ನಿಲ್ಲಬಹುದು. ಹಾಗಾಗಿ ವಿಮಾನದ ಹಿಂದಿನ ದಿನವೇ ಅಗತ್ತಿ ಸೇರಿ, ರಾತ್ರಿ ಅಲ್ಲೇ ಉಳಿಯಿರಿ. ಮೇ ಮಧ್ಯದಿಂದ ಸೆಪ್ಟೆಂಬರ್ ತನಕ, ಅಂದರೆ ಮಳೆಗಾಲ ಮುಗಿಯುವವರೆಗೆ, ಹಡಗಿನ ಯೋಚನೆ ಬಿಟ್ಟುಬಿಡಿ.