ಪೈಥಾನ್‌ನಲ್ಲಿ ಫಾರ್ಮ್ ಡೇಟಾ ಓದುವುದು: ನನ್ನ ಅನುಭವ

ನನ್ನ ಹಳೆಯ ಪೈಥಾನ್ ಸ್ಕ್ರಿಪ್ಟ್‌ಗಳೆಲ್ಲ ಸಿಜಿಐ (ವೆಬ್ ಸರ್ವರ್ ಒಂದು ಸ್ಕ್ರಿಪ್ಟನ್ನು ಓಡಿಸಿ ಅದಕ್ಕೆ ಡೇಟಾ ಕೊಡುವ ಹಳೆಯ ವಿಧಾನ) ಮಾಡ್ಯೂಲನ್ನೇ ನಂಬಿಕೊಂಡಿದ್ದವು. ಅದರ ಫೀಲ್ಡ್‌ಸ್ಟೋರೇಜ್ ಕರೆದರೆ ಸಾಕು, ವೆಬ್ ಪುಟದ ಫಾರ್ಮ್‌ನಲ್ಲಿ ತುಂಬಿದ್ದೆಲ್ಲ ಕೈಗೆ ಸಿಗುತ್ತಿತ್ತು. ಪೈಥಾನ್ 3.11ರಲ್ಲಿ ಅದಕ್ಕೆ ಎಚ್ಚರಿಕೆ ಬರತೊಡಗಿತು. 2024ರಲ್ಲಿ ಬಂದ 3.13ರಲ್ಲಿ ಮಾಡ್ಯೂಲನ್ನೇ ತೆಗೆದರು. ಲೆಗಸಿ ಸಿಜಿಐ ಎಂಬ ಪ್ಯಾಕೇಜ್ ಹಾಕಿಕೊಂಡರೆ ಹಳೆಯ ಕೋಡ್ ಹಾಗೇ ಓಡುತ್ತದೆ. ನನಗೆ ಅದು ಬೇಡ ಅನಿಸಿತು. ಸಣ್ಣ ಸ್ಕ್ರಿಪ್ಟ್‌ಗೆ ಬೇಕಾದ್ದು ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಲಿಬ್‌ನಲ್ಲೇ ಇದೆ.

ಫಾರ್ಮ್ ಡೇಟಾ ಗೆಟ್ ವಿಧಾನದಲ್ಲಿ, ಅಂದರೆ ವಿಳಾಸದಲ್ಲೇ ಸೇರಿ ಬಂದರೆ ಕೆಲಸ ಸುಲಭ. ವಿಳಾಸದಲ್ಲಿ ಪ್ರಶ್ನೆ ಚಿಹ್ನೆಯ ನಂತರ ಇರುವುದೆಲ್ಲ ಕ್ವೆರಿ ಸ್ಟ್ರಿಂಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸಿಗುತ್ತದೆ. ಪೋಸ್ಟ್ ವಿಧಾನವಾದರೆ ಡೇಟಾ ವಿಳಾಸದಲ್ಲಿ ಇರದೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಬರುತ್ತದೆ. ಎಷ್ಟು ಓದಬೇಕು ಅಂತ ಕಂಟೆಂಟ್ ಲೆಂಗ್ತ್ ಎಂಬ ಇನ್ನೊಂದು ವೇರಿಯಬಲ್ ಹೇಳುತ್ತದೆ. ಅಷ್ಟನ್ನೇ ಓದಬೇಕು. ಡೇಟಾ ಮುಗಿಯಿತು ಅಂತ ಸರ್ವರ್ ಸೂಚನೆ ಕೊಡಲೇಬೇಕೆಂಬ ನಿಯಮ ಸಿಜಿಐಯಲ್ಲಿ ಇಲ್ಲ. ಕೊನೆವರೆಗೆ ಓದಲು ಹೊರಟ ಸ್ಕ್ರಿಪ್ಟ್ ಸುಮ್ನೆ ಕಾಯುತ್ತಾ ನಿಲ್ಲಬಹುದು. ಇನ್ನೊಂದು, ಆ ಲೆಕ್ಕ ಬೈಟ್‌ಗಳದ್ದು, ಅಕ್ಷರಗಳದ್ದಲ್ಲ. ಯುಟಿಎಫ್-8ರಲ್ಲಿ ‘ಕ’ ಒಂದಕ್ಕೇ 3 ಬೈಟ್ ಬೇಕು. ಹಾಗಾಗಿ ನಾನು ಯಾವಾಗಲೂ ಬಫರ್‌ನಿಂದ ಬೈಟ್‌ಗಳನ್ನೇ ಓದಿ, ಆಮೇಲೆ ಡಿಕೋಡ್ ಮಾಡುತ್ತೇನೆ.

ಹೀಗೆ ಬಂದದ್ದನ್ನು ಯುಆರ್‌ಎಲ್‌ಲಿಬ್‌ನ ಪಾರ್ಸ್ ಕ್ಯೂಎಸ್ ಫಂಕ್ಷನ್‌ಗೆ ಕೊಟ್ಟರೆ ಡಿಕ್ಷನರಿ ಸಿಗುತ್ತದೆ. ಫಾರ್ಮ್‌ನ ಪ್ರತಿ ಜಾಗದ ಹೆಸರಿಗೂ ಒಂದು ಲಿಸ್ಟ್. ಒಂದೇ ಬೆಲೆ (ವ್ಯಾಲ್ಯೂ) ಇದ್ದರೂ ಲಿಸ್ಟೇ. ಇದು ಕಿರಿಕಿರಿ ಅಂತ ತುಂಬಾ ಜನ ಹೇಳುತ್ತಾರೆ. ನನಗಂತೂ ಇದೇ ಸರಿ. ಫೀಲ್ಡ್‌ಸ್ಟೋರೇಜ್‌ನ ಹಳೆಯ ಗೆಟ್‌ವ್ಯಾಲ್ಯೂ ಒಂದು ಬೆಲೆ ಬಂದರೆ ಸ್ಟ್ರಿಂಗ್, ಎರಡು ಬಂದರೆ ಲಿಸ್ಟ್ ಕೊಡುತ್ತಿತ್ತು. ಯಾರಾದರೂ ವಿಳಾಸದಲ್ಲಿ ಅದೇ ಹೆಸರನ್ನು ಎರಡು ಸಲ ಬರೆದರೆ ಸಾಕು, ಸ್ಟ್ರಿಂಗ್ ಅಂತ ನಂಬಿದ ಕೋಡ್ ಅಲ್ಲೇ ಮುರಿಯುತ್ತಿತ್ತು. ಈಗ ನನ್ನ ಬಳಿ ಎರಡು ಪುಟ್ಟ ಫಂಕ್ಷನ್‌ಗಳಿವೆ. ಒಂದು ಇಡೀ ಲಿಸ್ಟ್ ಕೊಡುತ್ತದೆ, ಚೆಕ್‌ಬಾಕ್ಸ್ ಗುಂಪಿಗೆ. ಇನ್ನೊಂದು ಒಂದೇ ಬೆಲೆ ಕೊಡುತ್ತದೆ. ಅಲ್ಲಿ ಎರಡು ಬಂದರೆ ಮೊದಲನೆಯದನ್ನು ಎತ್ತಿಕೊಳ್ಳುವುದಿಲ್ಲ, ಕೋರಿಕೆ ಸರಿಯಿಲ್ಲ ಅನ್ನುವ 400 ಎರರ್ ಕಳಿಸುತ್ತದೆ. ಯಾವುದು ನಿಜವಾದದ್ದು ಅಂತ ಊಹಿಸುವುದು ಸ್ಕ್ರಿಪ್ಟ್‌ನ ಕೆಲಸ ಅಲ್ಲ.

ಖಾಲಿ ಬಿಟ್ಟ ಜಾಗಗಳ ಬಗ್ಗೆ ಜಾಸ್ತಿ ಗಮನ ಬೇಕು. ಪಾರ್ಸ್ ಕ್ಯೂಎಸ್ ತಾನಾಗಿ ಖಾಲಿ ಬೆಲೆಗಳನ್ನು ಬಿಟ್ಟುಬಿಡುತ್ತದೆ. ಒಬ್ಬರು ತಮ್ಮ ಹಳೆಯ ಫೋನ್ ನಂಬರ್ ಅಳಿಸಿ ಸೇವ್ ಒತ್ತಿದರು ಅಂದುಕೊಳ್ಳಿ. ಆ ಹೆಸರೇ ಡಿಕ್ಷನರಿಯಲ್ಲಿ ಇರುವುದಿಲ್ಲ. ಬಂದ ಹೆಸರುಗಳನ್ನಷ್ಟೇ ಬದಲಿಸುವ ಸ್ಕ್ರಿಪ್ಟ್ ಆದರೆ ಹಳೆಯ ನಂಬರ್ ಹಾಗೇ ಉಳಿಯುತ್ತದೆ. ಅಳಿಸಿ ಅಂತ ಅವರು ಸ್ಪಷ್ಟವಾಗಿ ಹೇಳಿದ್ದರು, ಅಲ್ವಾ? ಅದಕ್ಕೇ ಕೀಪ್ ಬ್ಲ್ಯಾಂಕ್ ವ್ಯಾಲ್ಯೂಸ್ ಎಂಬ ಆಯ್ಕೆಯನ್ನು ಟ್ರೂ ಮಾಡದೆ ನಾನು ಆ ಫಂಕ್ಷನ್ ಕರೆಯುವುದೇ ಇಲ್ಲ. ಆದರೆ ಟಿಕ್ ತೆಗೆದ ಚೆಕ್‌ಬಾಕ್ಸ್‌ಗೆ ಇದು ಸಾಲದು. ಬ್ರೌಸರ್ ಅದನ್ನು ಕಳಿಸುವುದೇ ಇಲ್ಲ. ಯಾವ ಫಾರ್ಮ್‌ನಲ್ಲಿ ಯಾವ ಚೆಕ್‌ಬಾಕ್ಸ್ ಇದೆ ಅಂತ ಸ್ಕ್ರಿಪ್ಟ್‌ಗೆ ಮೊದಲೇ ಗೊತ್ತಿರಬೇಕು.

ಫೈಲ್ ಅಪ್‌ಲೋಡ್‌ಗೆ ಈ ದಾರಿ ಆಗುವುದಿಲ್ಲ. ಫೈಲ್ ಕಳಿಸುವಾಗ ಬ್ರೌಸರ್ ಬಳಸುವ ಮಲ್ಟಿಪಾರ್ಟ್ ರೂಪದ ಡೇಟಾವನ್ನು ಪಾರ್ಸ್ ಕ್ಯೂಎಸ್ ಬಿಡಿಸಲಾರದು. ಅಲ್ಲಿ ನಾನು ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್ ಬಳಸುತ್ತೇನೆ.

ಓದುವ ಫಂಕ್ಷನ್‌ಗೆ ಎನ್ವಿರಾನ್‌ಮೆಂಟ್ ಮತ್ತು ಇನ್‌ಪುಟ್ ಎರಡನ್ನೂ ಹೊರಗಿನಿಂದ ಕೊಡುತ್ತೇನೆ. ಹಾಗಾಗಿ ಸರ್ವರ್ ಇಲ್ಲದೆಯೇ ಟೆಸ್ಟ್ ಮಾಡಬಹುದು: ಖಾಲಿ ಬೆಲೆ, ಎರಡು ಸಲ ಬಂದ ಹೆಸರು, ಕನ್ನಡದಲ್ಲಿ ತುಂಬಿದ ಹೆಸರು. ಒಂದು ಸ್ಕ್ರಿಪ್ಟನ್ನು ಡಬ್ಲ್ಯುಎಸ್‌ಜಿಐಗೆ (ವೆಬ್ ಸರ್ವರ್ ಮತ್ತು ಪೈಥಾನ್ ಕೋಡ್ ಮಾತಾಡುವ ಇನ್ನೊಂದು ವಿಧಾನ) ಬದಲಿಸಿದಾಗ ಈ ಫಂಕ್ಷನ್‌ನ ಒಳಗೆ ಏನನ್ನೂ ಮುಟ್ಟಬೇಕಾಗಲಿಲ್ಲ.