ಹಳೇ ಬ್ರೆಡ್ಡಿನ ಸಾರು, ಥೇಮ್ಸ್ ದಡದ ಕ್ಯಾಂಟೀನು

ಪಶ್ಚಿಮ ಲಂಡನ್ನಿನ ಒಂದು ಆಫೀಸ್ ಕ್ಯಾಂಟೀನಿನಲ್ಲಿ ನಾನು ಅಡುಗೆ ಮಾಡುತ್ತೇನೆ. ದಿನಾ ಉಳಿಯುವ ಬ್ರೆಡ್ಡೇ ನನಗೆ ದೊಡ್ಡ ತಲೆನೋವಾಗಿತ್ತು. ಅದಕ್ಕೆ ದಾರಿ ತೋರಿಸಿದ್ದು ರಿವರ್ ಕೆಫೆ. ಹ್ಯಾಮರ್‌ಸ್ಮಿತ್‌ನಲ್ಲಿ ಥೇಮ್ಸ್ ದಡದಲ್ಲಿರುವ ಇಟಾಲಿಯನ್ ರೆಸ್ಟೋರೆಂಟು. ಅಲ್ಲಿನ ಬಿಲ್ಲು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ 1987ರಲ್ಲಿ ಅದು ಶುರುವಾಗಿದ್ದೂ ನಮ್ಮಂಥದ್ದೇ ಕ್ಯಾಂಟೀನಾಗಿ! ಇದು ಗೊತ್ತಾದಾಗ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿನ ಹಳೇ ಗೋದಾಮುಗಳಲ್ಲಿ ಆರ್ಕಿಟೆಕ್ಟ್ ರಿಚರ್ಡ್ ರಾಜರ್ಸ್ ಅವರ ಆಫೀಸಿತ್ತು. ಅವರು ಹುಟ್ಟಿದ್ದು ಇಟಲಿಯ ಫ್ಲಾರೆನ್ಸಿನಲ್ಲಿ. ಆಫೀಸಿನವರ ಊಟಕ್ಕೆಂದು ಅವರ ಹೆಂಡತಿ ರೂತ್ ಮತ್ತು ರೋಸ್ ಗ್ರೇ ಸೇರಿ ಒಲೆ ಹಚ್ಚಿದರು. ಇಬ್ಬರೂ ಅಡುಗೆ ಶಾಲೆಯಲ್ಲಿ ಕಲಿತವರಲ್ಲ. ಮೊದಮೊದಲು ಮಧ್ಯಾಹ್ನ ಮಾತ್ರ ಊಟ, ಅದೂ ಅಲ್ಲಿ ಕೆಲಸ ಮಾಡುವವರಿಗೆ. ಮಾಡಿದ್ದು ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಮನೆಯಡುಗೆ.

ಅದರಲ್ಲೊಂದು ರಿಬೊಲ್ಲೀಟಾ ಎಂಬ ಗಟ್ಟಿ ಸಾರು. ಹಾಗಂದರೆ ‘ಮತ್ತೆ ಕುದಿಸಿದ್ದು’. ಬಿಳಿ ಬೀನ್ಸು, ಕಾವೊಲೊ ನೇರೋ ಎಂಬ ಕಡುಹಸಿರು ಸೊಪ್ಪು, ಒಣಗಿದ ಬ್ರೆಡ್ಡು. ಮಾರನೇ ದಿನಕ್ಕೆ ರುಚಿ ಜಾಸ್ತಿ. ನಮ್ಮ ಬಸ್ಸಾರೂ ಹಾಗೇ ಅಲ್ವಾ?

ಮೊದಲ ಸಲ ಅವತ್ತಿನದೇ ಬ್ರೆಡ್ಡು ಹಾಕಿ ಕೆಡಿಸಿದೆ. ಪಾತ್ರೆ ತುಂಬಾ ಅಂಟು. ಪಾತ್ರೆ ತೊಳೆಯುವ ಹುಡುಗ ಸೌಟು ಎತ್ತಿ ನೋಡಿ, ಏನೂ ಹೇಳದೆ ಇಟ್ಟುಬಿಟ್ಟ.

ಎರಡನೇ ಸಲ ಎರಡು ದಿನದ ಹಳೇ ಬ್ರೆಡ್ಡನ್ನು ಕೈಯಲ್ಲೇ ಹರಿದೆ. ಈರುಳ್ಳಿ, ಕ್ಯಾರೆಟ್, ಸೆಲರಿಯನ್ನು ಆಲಿವ್ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಾಡಿಸಿದೆ. ಇಲ್ಲಿ ಅವಸರ ಮಾಡಿದರೆ ಆ ಸಿಹಿ ಬರುವುದೇ ಇಲ್ಲ. ಬೆಂದ ಬೀನ್ಸಿನಲ್ಲಿ ಅರ್ಧ ಅರೆದು, ಅರ್ಧ ಹಾಗೇ ಹಾಕಿದೆ. ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಯಿತು. ಬಡಿಸುವಾಗ ಮೇಲೆ ಹಸಿ ಆಲಿವ್ ಎಣ್ಣೆ, ನಾವು ಬಿಸಿ ಅನ್ನಕ್ಕೆ ತುಪ್ಪ ಬಿಟ್ಟುಕೊಳ್ಳುವ ಹಾಗೆ.

ರಿವರ್ ಕೆಫೆಗೆ ಮುಂದೆ ಮಿಶೆಲಿನ್ ಸ್ಟಾರ್ ಬಂತು, ಒಳ್ಳೆಯ ಅಡುಗೆಗೆ ರೆಸ್ಟೋರೆಂಟುಗಳಿಗೆ ಕೊಡುವ ದೊಡ್ಡ ಗೌರವ ಅದು. ಟೀವಿಯ ಹೆಸರಾಂತ ಬಾಣಸಿಗ ಜೇಮಿ ಆಲಿವರ್ ಅಲ್ಲೇ ಪಳಗಿದ. 2008ರಲ್ಲಿ ಬೆಂಕಿ ಬಿದ್ದು ಕೆಲವು ತಿಂಗಳು ಮುಚ್ಚಿತ್ತು. 2010ರಲ್ಲಿ ರೋಸ್ ತೀರಿಕೊಂಡರು. ಇದೆಲ್ಲ ಆದರೂ ಮೆನು ಮಾತ್ರ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಬದಲಾಗುತ್ತಲೇ ಬಂತು. ನನಗೆ ಸ್ಟಾರ್‌ಗಿಂತ ಇದೇ ದೊಡ್ಡದು. ದಿನಕ್ಕೆ ಎರಡು ಮೆನು ಬರೆಯುವ ಕಷ್ಟ ಒಲೆ ಮುಂದೆ ನಿಂತವರಿಗೇ ಗೊತ್ತು.

ಈಗ ನಮ್ಮಲ್ಲಿ ಪ್ರತಿ ಗುರುವಾರ ರಿಬೊಲ್ಲೀಟಾ. ಬ್ರೆಡ್ಡು ಉಳಿಯದ ವಾರ ಸೋಮವಾರವೇ ನಾನು ನಾಲ್ಕು ಬ್ರೆಡ್ಡು ಯಾರಿಗೂ ಕಾಣದ ಹಾಗೆ ಎತ್ತಿಡುತ್ತೇನೆ.