ಕೆಟಲಿನ ಬಿಳಿ ಪೊರೆಗೆ ನಿಂಬೆ ಉಪ್ಪು, ಹಾಲಿನ ಕಲೆಗೆ ಸೋಡಾ

ನಮ್ಮದು ಬೆಂಗಳೂರಿನ ಹೊರವಲಯದ ಬಡಾವಣೆ. ಬೋರ್‌ವೆಲ್ ನೀರೇ ಆಧಾರ. ನಲ್ಲಿಯ ಬಾಯಿ, ಬಚ್ಚಲಿನ ಟೈಲ್ಸ್, ಗೀಸರಿನ ಕಾಯಿಲ್, ಎಲ್ಲದರ ಮೇಲೂ ಬಿಳಿ ಕಟ್ಟುವ ಗಡಸು ನೀರು. ಇಂಥ ನೀರಿನಲ್ಲೇ ಒಂದು ಸ್ಟೀಲ್ ಎಲೆಕ್ಟ್ರಿಕ್ ಕೆಟಲನ್ನು ವರ್ಷಗಟ್ಟಲೆ ಬಳಸಿದ್ದೇನೆ. ಈಗಲೂ ಅದರ ತಳ ಹೊಳೆಯುತ್ತದೆ.

ಇದರಲ್ಲಿ ಮುಖ್ಯವಾದದ್ದು ಉಜ್ಜುವುದಲ್ಲ, ಕಲೆ ಯಾವುದು ಅಂತ ಗುರುತಿಸುವುದು. ಬಿಳಿ ಪೊರೆಗೆ ಹುಳಿ ಬೇಕು. ಹಾಲು, ಟೀ, ಜಿಡ್ಡಿನ ಕಲೆಗೆ ಸೋಡಾ ಬೇಕು. ಇದು ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬಿಳಿ ಪೊರೆ ಅಂದರೆ ಸುಣ್ಣವೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಕಾದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಅಂಟುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 600ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ಈ ಪೊರೆ ವಿಷವೇನಲ್ಲ, ಹೆದರಬೇಕಿಲ್ಲ. ಆದರೆ ಅದು ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಪೊರೆ ದಪ್ಪವಾದಷ್ಟೂ ತಳದ ತಟ್ಟೆ ಜಾಸ್ತಿ ಬಿಸಿಯಾಗುತ್ತದೆ. ಕೆಲವೊಮ್ಮೆ ನೀರು ಕುದಿಯುವ ಮೊದಲೇ ಸ್ವಿಚ್ ಟಪ್ ಅಂತ ಆಫ್ ಆಗುವುದಕ್ಕೂ ಇದೇ ಕಾರಣ. ನೀರಿಲ್ಲದೆ ಕಾಯುತ್ತಿದೆ ಅಂತ ಒಳಗಿನ ರಕ್ಷಣೆಯ ಸ್ವಿಚ್ ತಪ್ಪು ತಿಳಿದುಬಿಡುತ್ತದೆ. ಎಷ್ಟೋ ಮಂದಿ ಅಷ್ಟಕ್ಕೇ ಕೆಟಲ್ ಕೆಟ್ಟಿತು ಅಂತ ಹೊಸದು ತರುತ್ತಾರೆ. ನಿಜಕ್ಕೂ ಬೇಸರವಾಗುತ್ತದೆ.

ನಾನು ಬಳಸುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು. ದಿನಸಿ ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ. ಪೊರೆ ಮುಳುಗುವಷ್ಟು ನೀರು ಹಾಕುತ್ತೇನೆ. ನನ್ನ ಕೆಟಲಿಗೆ ಒಂದು ಲೀಟರ್ ಬೇಕು, ಅದಕ್ಕೆ ಎರಡು ಟೀ ಚಮಚ ಹರಳು. ಮೊದಲು ನೀರನ್ನಷ್ಟೇ ಬಿಸಿ ಮಾಡಿ, ಹಬೆ ಏಳಲು ಶುರುವಾದ ಕೂಡಲೇ ಆಫ್ ಮಾಡಿ, ಆಮೇಲೆ ಹರಳು ಹಾಕುತ್ತೇನೆ. ಹರಳು ಹಾಕಿದ ಮೇಲೆ ಕುದಿಸುವುದಿಲ್ಲ. ಹುಳಿ ಸುಣ್ಣದ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಕುದಿಸಿದರೆ ಒಂದು ಬಿಳಿ ಹೋಗಿ ಇನ್ನೊಂದು ಬಿಳಿ ಕೂರಬಹುದು.

ಈಗ ಕೆಟಲಿನೊಳಗೆ ಇಣುಕಿ ನೋಡಿ. ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅದು ಕಾರ್ಬನ್ ಡೈಆಕ್ಸೈಡ್, ಸುಣ್ಣ ಕರಗುತ್ತಿರುವ ಗುರುತು. ಸ್ವಲ್ಪ ಹೊತ್ತಿಗೆ ಪೊರೆಯ ಅಂಚು ಮೇಲೆದ್ದು, ಗೋಡೆಯ ಹಳೆ ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರುವ ಹಾಗೆ ಬಿಡಿಸಿಕೊಳ್ಳುತ್ತದೆ. ಗುಳ್ಳೆ ನಿಂತು ಬಿಳಿ ಇನ್ನೂ ಉಳಿದಿದ್ದರೆ ಹುಳಿಯ ಶಕ್ತಿ ಮುಗಿದಿದೆ ಅಂತ ಅರ್ಥ. ಆ ನೀರು ಚೆಲ್ಲಿ ಹೊಸದಾಗಿ ಹಾಕಬೇಕು. ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಆಮೇಲೆ ಮೆತ್ತಗಿನ ಸ್ಪಾಂಜಿನಿಂದ ಒರೆಸಿ, ತೊಳೆದು, ಒಂದೆರಡು ಸಲ ಬರೀ ನೀರು ಕುದಿಸಿ ಚೆಲ್ಲುತ್ತೇನೆ.

ಮನೆಯಲ್ಲಿ ನಿಂಬೆ ಉಪ್ಪು ಇಲ್ಲದಿದ್ದರೆ ನಿಂಬೆಹಣ್ಣಿನ ರಸವೂ ಆಗುತ್ತದೆ, ಜಾಸ್ತಿ ಬೇಕಾಗುತ್ತದೆ ಅಷ್ಟೆ. ಬಿಳಿ ವಿನೆಗರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ವಾಸನೆ ಹೋಗುವುದು ತಡ, ಬೆಳಗಿನ ಕಾಫಿಗೆ ಬಿಸಿನೀರು ಬೇಕಾದ ಮನೆಗೆ ಹೊಂದುವುದಿಲ್ಲ. ಹುಣಸೆಹಣ್ಣು ತಾಮ್ರ, ಹಿತ್ತಾಳೆಗೆ ಸರಿ. ಕೆಟಲಿನೊಳಗೆ ಅದರ ನಾರು, ಬಣ್ಣ ಯಾಕೆ ಬೇಕು?

ಮೂತಿಯ ಒಳಗಿನ ಜಾಲರಿಯನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಬಿಳಿ ಚೂರುಗಳೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಜಾಲರಿ ಬಿಚ್ಚಲು ಬಂದರೆ ಅದೇ ಹುಳಿ ನೀರಿನ ಬಟ್ಟಲಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದರೆ ಆಯ್ತು.

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿ ಅಂತ ಹೇಳುವವರು ಬಹಳ. ನೊರೆ ಉಕ್ಕುವುದನ್ನು ನೋಡಿದರೆ ಏನೋ ದೊಡ್ಡ ಕೆಲಸ ಆಗುತ್ತಿದೆ ಅನ್ನಿಸುತ್ತದೆ. ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡಿರುತ್ತವೆ, ಸುಣ್ಣ ಇದ್ದಲ್ಲೇ ಇರುತ್ತದೆ. ಎರಡನ್ನೂ ಬಳಸಿ, ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಕಲೆಗೆ.

ಸೋಡಾದ ಸರದಿ ಬರುವುದು ಯಾರಾದರೂ ಕೆಟಲಿನಲ್ಲಿ ಹಾಲು ಕಾಯಿಸಿದಾಗ. ದಯವಿಟ್ಟು ಹಾಲು ಕಾಯಿಸಬೇಡಿ. ಉಕ್ಕಿ ಮುಚ್ಚಳದ ಹಬೆ ದಾರಿಗೆ ನುಗ್ಗುತ್ತದೆ, ತಳ ಸೀದು ಹೋಗುತ್ತದೆ. ಕಾಯಿಸಿ ಆಗಿಹೋಗಿದ್ದರೆ, ಬಿಸಿ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೀದದ್ದು ಮೆತ್ತಗಾಗಿರುತ್ತದೆ.

ಸ್ಟೀಲ್ ನಾರಂತೂ ಬೇಡವೇ ಬೇಡ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರಲು ಕಾರಣ ಮೈಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ನಾರು ಅದನ್ನು ಗೀರುತ್ತದೆ, ಮೇಲಿಂದ ತನ್ನ ಕಬ್ಬಿಣದ ಚೂರು ಬಿಟ್ಟು ಹೋಗುತ್ತದೆ. ಆಮೇಲೆ ಕಾಣುವ ಕೆಂಪು ಚುಕ್ಕೆ ಎಷ್ಟೋ ಸಲ ಆ ಚೂರಿನ ತುಕ್ಕು. ಬೋರ್‌ವೆಲ್ ನೀರಿನ ಕಬ್ಬಿಣವೂ ಹೀಗೇ ಕೆಂಪಾಗಿ ಕೂರುತ್ತದೆ, ಅದು ನಿಂಬೆ ಉಪ್ಪಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ. ಅವುಗಳಲ್ಲಿರುವ ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿಮೊನೆಯಂಥ ಗುಳಿ ತೋಡುತ್ತದೆ, ಅದಕ್ಕೆ ಮದ್ದಿಲ್ಲ. ತಳದಲ್ಲಿ ನೀಲಿ, ಚಿನ್ನದ ಬಣ್ಣದ ಛಾಯೆ ಕಂಡರೆ ಅದು ಶಾಖದಿಂದ ಬಂದದ್ದು, ಸುಮ್ನೆ ಬಿಡಿ.

ದಿನದ ಅಭ್ಯಾಸ ಇಷ್ಟೇ: ಉಳಿದ ನೀರನ್ನು ಕೆಟಲಿನಲ್ಲಿ ಬಿಡುವುದಿಲ್ಲ. ಚೆಲ್ಲಿ, ಮುಚ್ಚಳ ತೆರೆದಿಟ್ಟು ಆರಲು ಬಿಡುತ್ತೇನೆ. ಆದರೆ ಕಾಯಿಸುವಾಗ ಮುಚ್ಚಳ ಬಿಗಿಯಾಗಿ ಮುಚ್ಚಿರಲೇಬೇಕು. ಹಬೆ ಒಳಗಿನ ದಾರಿಯಲ್ಲಿ ಹೋಗಿ ಎರಡು ಬಗೆಯ ಲೋಹ ಬೆಸೆದು ಮಾಡಿದ ಒಂದು ಪಟ್ಟಿಗೆ ತಾಗಿ, ಅದು ಬಾಗಿದಾಗಲೇ ಸ್ವಿಚ್ ಆಫ್ ಆಗುವುದು. ಮುಚ್ಚಳ ತೆರೆದಿದ್ದರೆ ಹಬೆ ಅಲ್ಲಿಗೆ ತಲುಪುವುದೇ ಇಲ್ಲ, ನೀರು ಕುದಿಯುತ್ತಲೇ ಇರುತ್ತದೆ.

ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೆಟಲನ್ನು ಸಿಂಕಿನಲ್ಲಿ ಮುಳುಗಿಸಬಾರದು. ಪ್ಲಗ್ ತೆಗೆದ ಮೇಲೆಯೇ ಬುಡದ ಸ್ಟ್ಯಾಂಡ್ ಒರೆಸಬೇಕು, ಅದೂ ಒಣ ಬಟ್ಟೆಯಿಂದ. 1500 ವ್ಯಾಟಿನ ಕೆಟಲ್ ಸುಮಾರು ಆರೂವರೆ ಆಂಪ್ ಎಳೆಯುತ್ತದೆ. ಹಾಗಾಗಿ 6 ಆಂಪಿನ ಸಣ್ಣ ಸಾಕೆಟ್ಟಿಗೂ ಎಕ್ಸ್‌ಟೆನ್ಶನ್ ಬೋರ್ಡಿಗೂ ಹಾಕದೆ 16 ಆಂಪಿನ ಸಾಕೆಟ್ಟಿಗೇ ಹಾಕಿ. ಪ್ಲಗ್ ಮುಟ್ಟಿದಾಗ ಬಿಸಿ ಅನ್ನಿಸಿದರೆ ಅವತ್ತೇ ಎಲೆಕ್ಟ್ರಿಷಿಯನ್‌ಗೆ ಹೇಳಿ.